ಔಷಧಿ ಎಂದು ಬರೆದ ಬೀರು

ನನ್ನ ನಾದಿನಿ ಇಪ್ಪತ್ತೆರಡು ವರ್ಷದಿಂದ ಒಂದೇ ಶಾಲೆಯ ಕಸ ಗುಡಿಸುತ್ತಿದ್ದಾಳೆ. ಬೀಗದಕೈ ಗೊಂಚಲು ಸದಾ ಸೊಂಟದಲ್ಲಿ ಝಲ್ ಝಲ್ ಎನ್ನುವುದರಿಂದ ಮಕ್ಕಳು ಅವಳಿಗೆ ಗಿಲಕಿ ಆಯಾ ಎಂದು ಹೆಸರಿಟ್ಟಿದ್ದಾರೆ. ನಾವಿಬ್ಬರೂ ಇರುವುದು ಒಂದೇ ಮನೆಯಲ್ಲಿ. ಶಾಲೆಯಲ್ಲಿ ಬೆಂಚಿನ ಕಾಲು ಮುರಿದರೂ ಸಂಜೆಗೆ ನನಗೆ ವರದಿ ಬರುತ್ತದೆ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಉಳಿದ ಕ್ಲಾಸುಗಳನ್ನೆಲ್ಲ ಅವಳ ಬಾಯಿಂದ ಕೇಳಿಯೇ ಮುಗಿಸಿದ್ದೇನೆ.

ತಿಂಗಳಿಗೊಮ್ಮೆ ಸೋಮವಾರ ಜಿರಳೆ, ಗೆದ್ದಲಿಗೆ ಹೊಡೆಯಲು ಪಂಪಿನವನು ಬರುತ್ತಿದ್ದ. ಮಕ್ಕಳನ್ನು ಅರ್ಧ ಗಂಟೆ ಬಯಲಿಗೆ ಅಟ್ಟಿ, ಹೊಡೆದು ಮುಗಿಸಿ, ಮತ್ತೆ ಒಳಗೆ ಕೂರಿಸುತ್ತಿದ್ದರು. ಬೆಂಚು ಇನ್ನೂ ಅಂಟಂಟು. ಅದರ ಮೇಲೇ ಊಟದ ಡಬ್ಬಿ. ಇವಳು ಒದ್ದೆ ಬಟ್ಟೆ ಹಿಡಿದು ಒಂದೊಂದೇ ಬೆಂಚು ಒರೆಸುತ್ತ ಓಡಾಡುವಳು. ಒರೆಸಿ ಒರೆಸಿ ಅವಳ ಅಂಗೈ ಸುಲಿದುಹೋಗಿತ್ತು. ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಹೊಡೆಸಿ, ಭಾನುವಾರವಿಡೀ ಕಿಟಕಿ ತೆರೆದಿಡೋಣ ಎಂದು ಹೆಡ್‌ ಮೇಷ್ಟ್ರಿಗೆ ಬಾಯಿ ನೋಯುವಷ್ಟು ಸಲ ಹೇಳಿದಳು. ಶನಿವಾರ ಮಧ್ಯಾಹ್ನ ಪಂಪಿನವನ ರಸೀದಿಗೆ ಸಹಿ ಹಾಕಲು ಯಾರಿರುತ್ತಾರೆ ಎಂಬುದೇ ಅವರ ಚಿಂತೆ. ಪ್ರತಿ ಸಲ ಕೊನೆಗೆ ಒಂದೇ ಮಾತು:

"ಔಷಧಿ ಅಲ್ವೇನಮ್ಮಾ. ವಿಷ ಏನಲ್ಲವಲ್ಲ."

ಈ ಮಾತು ಕೇಳಿ ಬಂದ ದಿನ ಮನೆಯಲ್ಲಿ ಪಾತ್ರೆಗಳಿಗೆ ಗ್ರಹಚಾರ. ಹುಳ ಸಾಯಿಸುವುದಕ್ಕೆ ಔಷಧಿ ಎಂದು ಹೆಸರಿಟ್ಟವನು ಯಾವನು ಎಂದು ತಿಕ್ಕುತ್ತ ತಿಕ್ಕುತ್ತ ಕೇಳುವಳು. ನಾನೂ ಹುಟ್ಟಿದಾಗಿನಿಂದ ಹಾಗೇ ಹೇಳಿಕೊಂಡು ಬಂದವಳು; ಅವಳು ತಿಕ್ಕಿದ್ದನ್ನು ತೊಳೆದಿಡುತ್ತಿದ್ದೆ.

ಕೊನೆಗೆ ಅರ್ಜಿ ಬರೆಯುವವನ ಹತ್ತಿರ ಹೋಗಿ, ಮೇಲಿನ ಆಫೀಸಿಗೆ ಒಂದು ಅರ್ಜಿ ಹಾಕಿಸಿದಳು. ಶಾಲೆಯಲ್ಲಿ ಮಕ್ಕಳಿಗೆ ಔಷಧಿಯ ತೊಂದರೆ ಇದೆ, ದಯವಿಟ್ಟು ಗಮನಿಸಬೇಕು ಎಂದು ಅವನು ಚೆನ್ನಾಗಿಯೇ ಬರೆದುಕೊಟ್ಟ. ಎರಡು ತಿಂಗಳ ಮೇಲೆ ಒಂದು ರಟ್ಟಿನ ಡಬ್ಬ ಬಂತು. ಒಳಗೆ ಇಪ್ಪತ್ತು ಬಾಟಲಿ ಕೆಮ್ಮಿನ ಸಿರಪ್ಪು. ಜೊತೆಗೊಂದು ಕಾಗದ: ಔಷಧಿಯ ತೊಂದರೆ ಗಮನಕ್ಕೆ ಬಂದಿದೆ, ಪೂರೈಸಲಾಗಿದೆ. ಅದನ್ನು ಹೇಳುವಾಗ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ನನಗಂತೂ ತಿಳಿಯಲಿಲ್ಲ.

ಸಿರಪ್ಪನ್ನೆಲ್ಲ ಜಗಲಿಯ ಬೀರುವಿನಲ್ಲಿ ಜೋಡಿಸಿದರು. ಬೀರುವಿನ ಬಾಗಿಲ ಮೇಲೆ ಗೇಟಿನಿಂದಲೇ ಕಾಣುವಷ್ಟು ದಪ್ಪಕ್ಷರದಲ್ಲಿ ಔಷಧಿ ಎಂದು ಬರೆದಿದೆ. ಮುಂದಿನ ಸೋಮವಾರ ಪಂಪಿನಲ್ಲಿ ಒಂದಿಷ್ಟು ಉಳಿಯಿತು. ಫೋನಿನಲ್ಲಿದ್ದ ಹೆಡ್‌ ಮೇಷ್ಟ್ರು, ಉಳಿದ ಔಷಧಿಯನ್ನು ಎತ್ತಿಡು ಎಂದು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದರು. ಪಂಪಿನವನು ಓದಲು ಬಲ್ಲವನು. ಖಾಲಿಯಾಗಿದ್ದ ಒಂದು ಸಿರಪ್ಪಿನ ಬಾಟಲಿಗೆ ಅದನ್ನು ಬಗ್ಗಿಸಿ, ಔಷಧಿ ಎಂದು ಬರೆದ ಬೀರುವಿನಲ್ಲಿ ಸಾಲಾಗಿ, ಚೊಕ್ಕವಾಗಿ ಇಟ್ಟು ಹೋದ.

ಬುಧವಾರ ಮೂರನೇ ಕ್ಲಾಸಿನ ಒಬ್ಬ ಹುಡುಗಿಗೆ ಒಂದೇ ಸಮ ಕೆಮ್ಮು. ಗಿಲಕಿ ಆಯಾ ಹತ್ತಿರ ಹೋಗಿ ಒಂದು ಚಮಚ ಔಷಧಿ ಕುಡಿದು ಬಾ ಎಂದು ಟೀಚರು ಕಳಿಸಿದರು. ನಾದಿನಿ ಮುಂದಿದ್ದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದಳು. ಹುಡುಗಿ ಬಾಯಿ ತೆರೆದು ನಿಂತಿದ್ದಾಳೆ. ಚಮಚಕ್ಕೆ ಬಗ್ಗಿಸುವಾಗ ಇವಳ ಮೂಗಿಗೆ ಸೋಮವಾರದ ಬೆಂಚಿನ ವಾಸನೆ ಬಡಿಯಿತು.

ಸಂಜೆ ನನ್ನ ಮುಂದೆ ಕೂತಾಗಲೂ ಅವಳು ಅಂಗೈ ಮೂಸಿ ನೋಡುತ್ತಿದ್ದಳು. ನನಗೇನಾದರೂ ಇವತ್ತು ನೆಗಡಿ ಆಗಿದ್ದಿದ್ದರೆ ಅತ್ತಿಗೆ, ಎಂದಳು.

ಹೆಡ್‌ ಮೇಷ್ಟ್ರೂ ಬಿಳಿಚಿಕೊಂಡರಂತೆ. ಆಮೇಲೆ ಸುಧಾರಿಸಿಕೊಂಡು, ದೊಡ್ಡದು ಮಾಡಬೇಡ, ಮೇಲಿನ ಖಾನೆಯಲ್ಲಿ ಇಡು, ಮಕ್ಕಳ ಕೈಗೆ ಸಿಗುವುದಿಲ್ಲ ಎಂದರಂತೆ.

"ಸಿಕ್ಕಿದ್ದು ನನ್ನ ಕೈಗೆ ಸಾರ್. ಮಗು ಕೈಗಲ್ಲ."

ನಿನ್ನ ಕೆಲಸ ಮುಂದುವರಿಸುವ ಕಾಗದಕ್ಕೆ ವರ್ಷವರ್ಷ ಸಹಿ ಹಾಕುವವನು ನಾನೇ, ನೆನಪಿರಲಿ ಎಂದು ಅವರು ಮಾತು ಮುಗಿಸಿದರು. ಬಾಟಲಿ ಬೀರುವಿನಲ್ಲೇ ಉಳಿಯಿತು. ಇನ್ನೊಂದು ದಿನ ಇವಳು ರಜೆ ಹಾಕಿದರೆ ಆ ಚಮಚವನ್ನು ಯಾರು ಹಿಡಿಯುತ್ತಾರೋ.

ರಾತ್ರಿ ಊಟಕ್ಕೆ ಕೂತಾಗ, ವಿಷ ಅಂತ ಬರೆಯುವುದು ಹೇಗೆ ಎಂದು ನನ್ನನ್ನು ಕೇಳಿದಳು. ನನಗೆ ವಿ ಬಂತು, ಮುಂದಿನದು ಬರಲಿಲ್ಲ. ಬೆಳಿಗ್ಗೆ ಆ ಕೆಮ್ಮಿನ ಹುಡುಗಿಯನ್ನೇ ಕೇಳಿದಳಂತೆ. ಅವಳು ಬೀರುವಿಗೆ ಬೆರಳು ಮಾಡಿ, "ಅದರಲ್ಲೇ ಇದೆಯಲ್ಲ ಆಯಾ, ಮಧ್ಯದ ಅಕ್ಷರ. ಹಿಂದೆ ಮುಂದೆ ಅಳಿಸಿ ಒಂದು ವಿ ಹಾಕಿದ್ರೆ ಆಯ್ತು," ಎಂದಳು.

ಆಟದ ಬಯಲಿಗೆ ಗೆರೆ ಎಳೆದು ಉಳಿದ ಬಣ್ಣ ಇತ್ತು. ಹಿಂದಿನದರ ಮೇಲೂ ಮುಂದಿನದರ ಮೇಲೂ ಬಣ್ಣ ಬಳಿದು, ಒಣಗಿದ ಮೇಲೆ ಇದ್ದಿಲಿನಿಂದ ಸೊಟ್ಟಗೆ ಒಂದು ವಿ ಎಳೆದಳು. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಗೇಟಿನಿಂದಲೇ ಓದಿದರು. ಇದೇನು ಎಂದು ಕೇಳಿದವರಿಗೆಲ್ಲ ಇವಳು ಬೀಗ ತೆಗೆದು ಬಾಟಲಿ ತೋರಿಸಿ, ನಡೆದದ್ದನ್ನು ಹೇಳಿದಳು. ಮಾರನೆಯ ದಿನ ಹೆಡ್‌ ಮೇಷ್ಟ್ರ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಬಾಟಲಿ ಹೋಯಿತು. ಹೊಡೆಯುವುದು ಶನಿವಾರಕ್ಕೆ ಬಂತು. ಶಾಲೆಯ ಆಸ್ತಿಯನ್ನು ಕೆಡಿಸಿದ್ದಕ್ಕೆ ಇವಳಿಗೊಂದು ನೋಟೀಸೂ ಬಂತು. ಕೆಲಸದ ಕಾಗದಕ್ಕೆ ಸಹಿ ಇನ್ನೂ ಬಿದ್ದಿಲ್ಲ.

ಹೋದ ಶನಿವಾರ ಅವಳಿಗೆ ಬುತ್ತಿ ಕೊಡಲು ನಾನೇ ಹೋಗಿದ್ದೆ. ಶಾಲೆ ಖಾಲಿ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು, ಬೀಗದಕೈ ಗೊಂಚಲು ಮಡಿಲಲ್ಲಿ. ಎದುರಿಗೆ ಸುಡುಬಿಸಿಲಲ್ಲಿ, ಬೆನ್ನ ಮೇಲೆ ತುಂಬಿದ ಪಂಪು ಹೊತ್ತು ಅವನು ನಿಂತಿದ್ದ.

"ಬಾಗಿಲು ತೆಗಿಯಕ್ಕಾ, ಔಷಧಿ ಹೊಡೀಬೇಕು."

"ಯಾರಿಗೆ ಹುಷಾರಿಲ್ಲ?"

ಅವನು ನನ್ನ ಮುಖ ನೋಡಿದ. ನಾನು ಬುತ್ತಿಯ ಗಂಟು ಬಿಚ್ಚುತ್ತ ಕೂತೆ. ಔಷಧಿ ಎಂದು ಅವನು ಇನ್ನೂ ಎರಡು ಸಲ ಹೇಳಿದ. ಅವಳೂ ಎರಡು ಸಲ ಅದನ್ನೇ ಕೇಳಿದಳು. ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ವಿಷ ಹೊಡೀಬೇಕು ತಾಯಿ. ಸಾಕಾ?"

ನಾದಿನಿ ಮೊಣಕಾಲು ಹಿಡಿದುಕೊಂಡು ಎದ್ದು, ಗೊಂಚಲಿನಲ್ಲಿ ಬೀಗದಕೈ ಹುಡುಕತೊಡಗಿದಳು.