ಚಿಕ್ಕಸ್ವಾಮಿಯ ಶಪಥ ಮತ್ತು ಪಾಲಹಳ್ಳಿಯ ಆಂಪ್ಲಿಫೈಯರು

ಪಾಂಡವಪುರದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ರೇಡಿಯೊ, ಟೇಪ್ ರೆಕಾರ್ಡರು, ಆಂಪ್ಲಿಫೈಯರು ರಿಪೇರಿ ಮಾಡುತ್ತಿದ್ದ ಚಿಕ್ಕಸ್ವಾಮಿಗೆ ಕೈಯಷ್ಟೇ ಬಾಯಿಯೂ ಚುರುಕು. ಗಿರಾಕಿಗೆ ನಾಲ್ಕು ಬುದ್ಧಿಮಾತು ಹೇಳದಿದ್ದರೆ ಪುಣ್ಯಾತ್ಮನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

ತೊಂಬತ್ತಾರನೇ ಇಸವಿಯಲ್ಲಿ ಅವನ ಮಾನಕ್ಕೆ ಕುತ್ತು ತಂದದ್ದು ಪಾಲಹಳ್ಳಿಯ ಕೆಂಪಣ್ಣನ ಆಂಪ್ಲಿಫೈಯರು. ಮೊದಲು ಗುಂಯ್ ಅನ್ನುತ್ತಿತ್ತು. ಕೆಪಾಸಿಟರ್ ಬದಲಾಯಿಸಿದ, ನಿಂತಿತು. ಆಮೇಲೆ ಹೊಸ ರೋಗ ಶುರುವಾಯಿತು. ಮನೆಯಲ್ಲಿ ಅರ್ಧ ಗಂಟೆ ಹಾಡಿ ಮೂಕಾಗುವುದು. ಅಂಗಡಿಗೆ ತಂದರೆ ಬೆಳಗಿನಿಂದ ಸಂಜೆವರೆಗೆ ದಣಿವಿಲ್ಲದೆ ಹಾಡುವುದು. ಟ್ರಾನ್ಸಿಸ್ಟರ್ ಬದಲಾಯಿಸಿ ಕಳಿಸಿದ. ವಾರ ಕಳೆಯುವುದರೊಳಗೆ ಕೆಂಪಣ್ಣ ಅದನ್ನು ಮತ್ತೆ ತಂದು ಮೇಜಿನ ಮೇಲೆ ಕುಕ್ಕಿದ.

"ಲೇ ಚಿಕ್ಕಸ್ವಾಮಿ, ನಿನ್ ಅಂಗ್ಡೀಲಿ ಆಡ್ತದೆ, ನಮ್ಮನೇಲಿ ಮುನಿಸ್ಕತದೆ. ನಿನ್ ಅಂಗ್ಡಿ ಏನ್ಲಾ, ಇದರ ತವರುಮನೆಯಾ?"

ಪಕ್ಕದ ಟೀ ಅಂಗಡಿಯವರೆಲ್ಲ ಗೊಳ್ಳೆಂದು ನಕ್ಕರು. ಚಿಕ್ಕಸ್ವಾಮಿಗೆ ಮೈಯೆಲ್ಲ ಉರಿಯಿತು.

"ನಾಳೆ ನಾನೇ ಮನೆಗೆ ಬತ್ತೀನಿ ಕಣಣ್ಣ. ತಪ್ಪು ನಂದಾದ್ರೆ ಬೋರ್ಡು ಇಳಿಸ್ಬುಟ್ಟು ಎಮ್ಮೆ ಕಾಯಾಕೆ ಓಯ್ತೀನಿ!"

ಮಾರನೇ ದಿನ ಆಂಪ್ಲಿಫೈಯರು ಹೊತ್ತು ಪಾಲಹಳ್ಳಿಗೆ ಹೋಗಿ ಮೀಟರು ಹಿಡಿದು ಕರೆಂಟು ನೋಡಿದ. ಸರಿಯಾಗಿಯೇ ಇತ್ತು. ಆಂಪ್ಲಿಫೈಯರು ಹಾಕಿದ. ಅದು ಹಾಡತೊಡಗಿದ್ದೇ ತಡ, ಕೆಂಪಣ್ಣನ ಹೆಂಡತಿ ಚಿಕ್ಕಬೋರಮ್ಮ ಗಿಣಿ ಕಸೂತಿಯ ದಪ್ಪ ಗವುಸು ತಂದು, ಮಗುವಿಗೆ ಹೊದಿಸಿದ ಹಾಗೆ ಅದರ ಮೇಲೆ ಹೊದಿಸಿ ಹೋದಳು. ಅರ್ಧ ಗಂಟೆಗೆ ಹಾಡು ನಿಂತಿತು.

ಚಿಕ್ಕಸ್ವಾಮಿ ಗವುಸಿನೊಳಗೆ ಕೈಯಿಟ್ಟವನು ಚುರ್ ಎಂದದ್ದೇ ಎಳೆದುಕೊಂಡ. ಬಿಸಿ ಹೋಗುವ ತೂತುಗಳೆಲ್ಲ ಮುಚ್ಚಿದ್ದವು. ಕಾವೇರಿದರೆ ತಾನಾಗಿ ಆಫಾಗುವ ಸ್ವಿಚ್ಚು ತನ್ನ ಕೆಲಸ ಮಾಡಿತ್ತು. ಅಂಗಡಿಯಲ್ಲಿ ಅವನು ಮುಚ್ಚಳ ತೆಗೆದು ಫ್ಯಾನಿನ ಕೆಳಗೆ ಹಾಡಿಸುತ್ತಿದ್ದ. ಅಲ್ಲಿ ಅದಕ್ಕೆ ಯಾವ ಸೆಖೆ? ಗೆದ್ದೆ ಎಂದು ಅವನ ಎದೆ ಉಬ್ಬಿತು.

"ಅಕ್ಕಾ, ಉಸಿರು ಕಟ್ಟಿ ಸಾಯ್ತಾ ಅದೆ ಇದು! ಗವುಸು ಆಕಿ ಅಂತ ನಿಮಗೆ ಏಳ್ದೋನು ಯಾವನು?"

"ನೀನೇ ಕಣಪ್ಪ," ಅಂದಳು ಚಿಕ್ಕಬೋರಮ್ಮ. "ಮೊದಲ್ನೇ ಸಲಾನೇ ನಮ್ಮೆಜಮಾನ್ರಿಗೆ ಧೂಳು ಬೀಳದಂಗೆ ಮುಚ್ಚಿಡಿ ಅಂದಿದ್ಯಂತೆ. ಎರಡ್ನೇ ಸಲಾನೂ ಅಂಗೇ ಅಂದೆ ಅಂತ ಇನ್ನೊಂದು ಪದರ ಸೇರ್ಸಿ ಒಲ್ದೆ."

ಹಾಗೆ ಹೇಳಿದ್ದು ಚಿಕ್ಕಸ್ವಾಮಿಗೆ ನೆನಪಾಯಿತು. ಕೆ.ಆರ್. ಪೇಟೆ, ನಾಗಮಂಗಲದಿಂದ ಬಂದವರಿಗೂ ಅವನು ಹೇಳಿ ಕಳಿಸಿದ್ದು ಇದನ್ನೇ. ನಾಚಿಕೊಂಡು ಕೆಂಪಣ್ಣನ ಕಡೆ ತಿರುಗಿದ.

"ತಪ್ಪು ನಂದೇ ಕಣಣ್ಣ. ಬೋರ್ಡು ಇಳಿಸ್ತೀನಿ."

ಕೆಂಪಣ್ಣ ಗವುಸು ಎತ್ತಿ ಪಕ್ಕಕ್ಕಿಟ್ಟ. ಕಾವು ಇಳಿದ ಮೇಲೆ ಹಾಡು ಮತ್ತೆ ಬಂತು.

"ಬೋರ್ಡು ಇರ್ಲಿ ಬುಡ್ಲಾ. ನಿನ್ ಕೈ ನೆಟ್ಟಗೇ ಅದೆ," ಎನ್ನುತ್ತ ಗವುಸನ್ನು ಅವನ ಮಡಿಲಿಗೆ ಹಾಕಿದ. "ಇದ ತಕಂಡೋಗಿ ಬಾಯಿಗೆ ಆಕ್ಕೊ."