ದುಗ್ಗಮ್ಮನ ಪಾಲಿನ ತೌಡು

೧೯೬೧ರ ಡಿಸೆಂಬರಿನ ಒಂದು ಬೆಳಿಗ್ಗೆ, ಆರೂ ಮುಕ್ಕಾಲಿಗೆ, ಕುಂಬ್ರದ ಚೆನ್ನಕೇಶವ ಅಂಗಳದಲ್ಲಿ ಕುಳಿತು, ಬೇಯಿಸಿ ಒಣಗಿಸಿದ ಭತ್ತದ ಒಂದು ಕಾಳನ್ನು ಹಲ್ಲಿನಿಂದ ಕಡಿದು ನೋಡುತ್ತಿದ್ದ. ಟಕ್ಕೆಂದು ಮುರಿದರೆ ಹದ. ಅದನ್ನು ಅವನಿಗೆ ಕಲಿಸಿದವಳು ದುಗ್ಗಮ್ಮ. ಅವನ ತಾಯಿ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಭತ್ತ ಕುಟ್ಟಲು ಬಂದವಳು, ಹುಡುಗನಿಗೆ ಗಂಜಿ ಉಣಿಸಿಯೇ ಹೋಗುತ್ತಿದ್ದಳು.

ಈಗ ಚೆನ್ನಕೇಶವನ ಅಕ್ಕಿ ಮಿಲ್ಲಿಗೆ ಶೆಡ್ಡು ಎದ್ದಿತ್ತು, ಆಯಿಲ್ ಇಂಜಿನೂ ಬಂದಿತ್ತು. ಪರವಾನಗಿಯೊಂದು ಬಾಕಿ. ಒನಕೆಯಿಂದ ಕುಟ್ಟುವವರ ಹೊಟ್ಟೆಗೆ ಪೆಟ್ಟಾಗಬಾರದೆಂದು ಸರಕಾರ ಕಾನೂನು ಮಾಡಿತ್ತು. ಇವತ್ತು ಪುತ್ತೂರಿನಲ್ಲಿ ವಿಚಾರಣೆ. ಹೇಳಿಕೆ ಕೊಡಲು ಕುಟ್ಟುವವರಲ್ಲಿ ಒಬ್ಬರನ್ನು ಕರೆತರಬೇಕಿತ್ತು.

"ಮಿಲ್ಲಿನಿಂದ ತೊಂದರೆ ಇಲ್ಲ ಅಂತ ಹೇಳಿದರೆ ಸಾಕು, ದುಗ್ಗಕ್ಕ," ಎಂದ, ಹೊರಟು ಬಂದ ದುಗ್ಗಮ್ಮನಿಗೆ.

"ಸುಳ್ಳು ಹೇಳ್ಲಿಕ್ಕೆ ಬಸ್ಸಿನಲ್ಲಿ ಕೂರಿಸಿ ಕರ್ಕೊಂಡು ಹೋಗುದಾ? ಒಳ್ಳೆ ಮರ್ಯಾದೆ ಮಾರಾಯ," ಎನ್ನುತ್ತ ಅವಳು ಮಡಿಕೆ ಬಿಚ್ಚಿದ ಸೀರೆಯ ಸೆರಗು ಸರಿಮಾಡಿಕೊಂಡಳು.

ಕಚೇರಿಯಲ್ಲಿ ಅಧಿಕಾರಿ ಕನ್ನಡಕ ತೆಗೆದಿಟ್ಟರು. "ದೇಶ ಬೆಳೀಬೇಕು, ಯಂತ್ರ ಬೇಕು ಅಂತ ಪಂಚವಾರ್ಷಿಕ ಯೋಜನೆ ಹೇಳ್ತದೆ. ಕುಟ್ಟುವವರು ಉಳೀಬೇಕು ಅಂತ ಕಾನೂನು ಹೇಳ್ತದೆ. ನಾನು ಎರಡಕ್ಕೂ ಹೌದು ಅನ್ನಬೇಕು. ಮಿಲ್ಲು ಬಂದರೆ ನಿಮಗೆ ಎಂತ ನಷ್ಟ, ಅಮ್ಮ?"

ದುಗ್ಗಮ್ಮ ಬಲ ಹೆಗಲು ಒತ್ತಿಕೊಂಡಳು. "ಒನಕೆ ಹೋದರೆ ಈ ಹೆಗಲಿಗೆ ಖುಷಿಯೇ. ಆದರೆ ಕುಟ್ಟಿದರೆ ಗಂಜಿಗೆ ನನ್ನ ಪಾಲಿನ ಅಕ್ಕಿ ಉಂಟು, ದನಕ್ಕೆ ತೌಡು ಉಂಟು. ಮಿಲ್ಲಿನವ ತೌಡು ಬಿಡ್ತಾನಾ?"

ಚೆನ್ನಕೇಶವ ತಲೆ ತಗ್ಗಿಸಿದ. ತೌಡು ಮಿಲ್ಲಿನ ಲಾಭವೆಂದೇ ಅವನು ಲೆಕ್ಕ ಹಿಡಿದಿದ್ದ. ಆ ತೌಡು ತಿಂದ ದನದ ಹಾಲನ್ನು ಚಿಕ್ಕಂದಿನಲ್ಲಿ ತಾನೂ ಕುಡಿದದ್ದು ಈಗ ನೆನಪಾಯಿತು.

"ಇಂಜಿನಿಗೆ ಭತ್ತ ಬೇಯಿಸ್ಲಿಕ್ಕೆ ಬರುದಿಲ್ಲ, ಸಾರ್," ಎಂದ ನಿಧಾನವಾಗಿ. "ಒಣಗಿಸ್ಲಿಕ್ಕೆ, ಹದ ನೋಡ್ಲಿಕ್ಕೂ ಬರುದಿಲ್ಲ. ಕುಂಬ್ರದಲ್ಲಿ ಕುಟ್ಟುವವರೆಲ್ಲ ನನ್ನ ಮಿಲ್ಲಿನ ಅಂಗಳದಲ್ಲಿ ಆ ಕೆಲಸ ಮಾಡ್ಲಿ. ಕೂಲಿಗೆ ಅಕ್ಕಿ ಕೊಡ್ತೇನೆ. ತೌಡು ಅವರದ್ದು."

"ಯೋಚನೆ ಮಾಡಿ ಹೇಳು," ಎಂದಳು ದುಗ್ಗಮ್ಮ. "ಆಮೇಲೆ ನನ್ನ ದನಕ್ಕೆ ಉತ್ತರ ಕೊಡುವವಳು ನಾನು."

ಅಧಿಕಾರಿ ನಗು ತಡೆದುಕೊಂಡು ಪರವಾನಗಿಗೆ ಸಹಿ ಹಾಕಿದರು. ಮತ್ತೆ ಅರ್ಜಿಯನ್ನು ಹತ್ತಿರ ಎಳೆದುಕೊಂಡರು.

"ಮಿಲ್ಲಿನಿಂದ ಇಬ್ಬರಿಗೆ ಕೆಲಸ ಅಂತ ಬರೆದಿದ್ದೀರಿ. ಎಷ್ಟು ಅಂತ ತಿದ್ದಲಿ?"

ಇಂಜಿನಿಗೆ ಇಬ್ಬರು. ಮತ್ತೆ ಕುಟ್ಟುವವರು, ಪೂವಮ್ಮ, ಲೋಲಾಕ್ಷಿ, ಕಮಲಾವತಿ... ಚೆನ್ನಕೇಶವ ಒಬ್ಬೊಬ್ಬರ ಹೆಸರಿಗೂ ಬೆರಳು ಮಡಚಿದ. ಒಂಬತ್ತನೆಯ ಬೆರಳಿಗೆ ದುಗ್ಗಮ್ಮನ ಮುಖ ನೋಡಿದ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು.

"ಹನ್ನೊಂದು," ಎಂದ.