ತೊಳೆದ ಕಟ್ಟಿಗೆ

ಕಟ್ಟಿಗೆಗೆ ಸ್ನಾನ ಮಾಡಿಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ಮುಂಬಯಿ ಹತ್ತಿರದ ಅಂಬರನಾಥದಲ್ಲಿ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಬಾಯ್ಲರ್ ಆಗ ನನ್ನ ಸುಪರ್ದಿಯಲ್ಲಿತ್ತು. ಅದಕ್ಕೆ ಕಟ್ಟಿಗೆ ಹಾಕಿ ಬೆಂಕಿ ನೋಡಿಕೊಳ್ಳುತ್ತಿದ್ದ ಫೈರ್‌ಮನ್ ಕಲಬುರಗಿ ಕಡೆಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು.

ಖಂಡೇನವಮಿಯ ದಿನ ಆಯುಧಪೂಜೆ ಮುಗಿಸಿ ಒಲೆ ಹಚ್ಚಿದರೆ ಹೊಗೆಯೋ ಹೊಗೆ. ಒತ್ತಡ ತೋರಿಸುವ ಮುಳ್ಳು ಅಲ್ಲಾಡಲೇ ಇಲ್ಲ. ರಾಶಿಯ ಮೇಲಿನ ತಾಡಪತ್ರಿ ಎತ್ತಿ ನೋಡಿದೆ. ಕಟ್ಟಿಗೆಯೆಲ್ಲ ಒದ್ದೆಮುದ್ದೆ, ಮೇಲೆ ಅರಿಶಿನ ಕುಂಕುಮ ಬೇರೆ!

“ಎಂಥ ಮಾರಾಯ್ರೇ ಇದು?”

“ನಿನ್ನಿ ಪೈಪ್ ಹಚ್ಚಿ ತೊಳದೀನ್ರೀ ಸಾಹೇಬ್ರ. ಮತ್ತ ಧೂಳ ಕೂಡಬಾರದಂತ ತಾಡಪತ್ರಿ ಹೊಚ್ಚೀನಿ,” ಎಂದರು, ಹೆಮ್ಮೆಯಿಂದ.

ಅಯ್ಯೋ ಕರ್ಮವೇ! ರಾತ್ರಿಯೆಲ್ಲ ನೀರು ಆರದೆ ಒಳಗಿಳಿದಿತ್ತು. ಅವರು ಸಂಜೆ ಕಲ್ಯಾಣದಲ್ಲಿ ರೈಲು ಹತ್ತಬೇಕಿತ್ತು. ಮದುವೆಯಾದ ಮೇಲಿನ ಮೊದಲ ದಸರಾಕ್ಕೆ ಮಗಳು, ಅಳಿಯ ಮರುದಿನ ಊರಿನ ಮನೆಗೆ ಬರುವವರಿದ್ದರು. ಅಳಿಯನಿಗೆ ತಂದ ಧೋತರ ಚೀಲದಲ್ಲಿತ್ತು. ಆದರೆ ಉಗಿ ಬಂದು ಆ ದಿನದ ಬಟ್ಟೆಗೆ ಬಣ್ಣ ಹಾಕಿ ಮುಗಿಯದೆ ಅವರನ್ನು ಬಿಡುವುದಿಲ್ಲ ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ.

“ಇನ್ನಷ್ಟು ಹಾಕಿದ್ರ ಹೊತ್ಕೋತದ್ರೀ,” ಎಂದು ಅವರು ತುರುಕಿದರು. ಬೇಡ ಎಂದು ನಾನು ಗಂಟಲು ಹರಿದುಕೊಂಡೆ. ಒಣ ಕಟ್ಟಿಗೆ ಶಾಖವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಮೈಮೇಲೆಯೇ ಕಾದು ಬೇಗ ಹೊತ್ತಿಕೊಳ್ಳುತ್ತದೆ. ಒದ್ದೆಯದು ಶಾಖವನ್ನು ಒಳಗೆಳೆದುಕೊಂಡು ತನ್ನ ಹೊಟ್ಟೆಯ ನೀರು ಕಾಯಿಸುತ್ತ ಕೂರುತ್ತದೆ. ನೀರು ಹೋಗುವ ತನಕ ಉರಿಯಿಲ್ಲ, ಎಷ್ಟು ತುರುಕಿದರೂ ಅಷ್ಟೇ. ಇದನ್ನು ನೂರು ಸಲ ಹೇಳಿದೆ. ಅವರು ನೂರು ಸಲವೂ “ಹೌದ್ರೀ” ಎಂದು ಇನ್ನೊಂದು ತುಂಡು ಹಾಕಿದರು. ನಾನು ತಲೆ ಚಚ್ಚಿಕೊಂಡೆ.

ಕೊನೆಗೆ ಇಬ್ಬರೂ ಸೇರಿ ಕಟ್ಟಿಗೆಯನ್ನು ಸಣ್ಣಗೆ ಸೀಳಿ, ಬಾಯ್ಲರಿನ ಬಿಸಿ ಗೋಡೆಯ ಪಕ್ಕ ಒಣಗಿಸಿ, ಸ್ವಲ್ಪಸ್ವಲ್ಪವೇ ಹಾಕಿದೆವು. ಮುಳ್ಳು ಎದ್ದಾಗ ರೈಲು ಕಲ್ಯಾಣ ಬಿಟ್ಟಾಗಿತ್ತು.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಕಟ್ಟಿಗೆ ತೊಳೀಲಿಕ್ಕೆ ನಿಮಗೆ ಹೇಳಿದ್ದಾದ್ರೂ ಯಾರು?” ಎಂದು ಹರಿಹಾಯ್ದೆ.

ಅವರು ನನ್ನ ಮುಖವನ್ನೇ ನೋಡಿದರು. “ನೀವ ಹೇಳಿದ್ರಲ್ರೀ. ಸೇಠ್ ಪೂಜಿಗಿ ಬರ್ತಾರ, ಇಲ್ಲಿ ಒಂದ್ ಸಾಮಾನೂ ತೊಳೀದ ಬಿಡಬ್ಯಾಡ್ರಿ ಅಂತ.”

ಹೇಳಿದ್ದೆ. ಇದೇ ಮಾತು, ಇದೇ ಬಾಗಿಲಲ್ಲಿ ನಿಂತು.

ಅಷ್ಟರಲ್ಲಿ ಮಗಳ ಫೋನ್ ಬಂತು. ಅವರು ಒಲೆಯ ಕಡೆ ತಿರುಗಿ ನಿಂತರು. “ಇಲ್ಲವ್ವಾ, ಗಾಡಿ ತಪ್ಪಿತು. ಸಾಹೇಬ್ರದೇನಿಲ್ಲ, ನಂದ ತಪ್ಪು. ನಾಳಿ ನನ್ನ ಹಾದಿ ನೋಡಬ್ಯಾಡ್ರಿ, ನೀವು ಉಣ್ರಿ,” ಎಂದರು.